ತಪಸಿಯ ಪಡುವಣ ಸೀಳು

ತೊರೆನಾಡಿನ ರಾಜಧಾನಿಯಾದ ವಜ್ರಕೂಟವನ್ನು ಮೂಡಣ ಹೆಬ್ಬಾಗಿಲಿನಿಂದ ಹೊಗುವ ಪರದೇಶಿಯ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅರಮನೆಯ ಹೊಂಗಳಶವಲ್ಲ, ಬೀದಿಯ ಎರಡೂ ಕಡೆ ಮೆಣಸು ಮುತ್ತುಗಳ ರಾಶಿಯ ಮುಂದೆ ಕುಳಿತು ಕೂಗುವ ಸೆಟ್ಟಿಗಳೂ ಅಲ್ಲ. ಬಾಗಿಲ ತೊಲೆಗೆ ಅಡ್ಡಲಾಗಿ ಜಡಿದ ಒಂದು ಕರಿಯ ಹಲಗೆ. ಅದರ ಮೇಲೆ ಸಾಲಾಗಿ ಮೊಳೆ ಹೊಡೆದು ಒಣಗಿದ ಹೆಬ್ಬೆರಳುಗಳನ್ನು ನಿಲ್ಲಿಸಿದ್ದರು. ರಣರಂಗದಲ್ಲಿ ಯಾವ ಬಿಲ್ಲು ಮುರಿಯಿತೋ ಅದನ್ನು ಮಾಡಿದ ಓಜನ ಬಲಗೈ ಹೆಬ್ಬೆರಳು ಆ ಹಲಗೆಗೆ ಸಲ್ಲಬೇಕೆಂಬುದು ಆ ನಾಡಿನ ಕಟ್ಟಳೆ. ಪಟ್ಟಣಿಗರಿಗೆ ಅದು ರೂಢಿಯಾಗಿಹೋಗಿತ್ತು. ಹೂವಾಡಗಿತ್ತಿಯರು ಅದರ ನೆರಳಲ್ಲೇ ಬುಟ್ಟಿಯಿಟ್ಟು ಮಲ್ಲಿಗೆ ಮಾರುತ್ತಿದ್ದರು. ದಯೆಯೇ ಧರ್ಮದ ಬೇರೆಂದು ಗಂಟೆಗಟ್ಟಲೆ ವ್ಯಾಖ್ಯಾನ ಮಾಡುವ ಪಂಡಿತರು ದಿನವೂ ಅದರಡಿಯಲ್ಲೇ ನಡೆದು ಹೋಗುತ್ತಿದ್ದರು, ಒಬ್ಬನೂ ತಲೆಯೆತ್ತಿ ನೋಡಿದವನಲ್ಲ.

ತಲೆಯೆತ್ತಿ ನೋಡುತ್ತಿದ್ದವನು ಬೈಚೋಜನೊಬ್ಬನೇ. ಅವನು ಅರಮನೆಯ ಬಿಲ್ಲೋಜ, ಬಿಲ್ಲು ಮಾಡುವವರಿಗೆಲ್ಲ ಒಡೆಯ. ಅವನ ಎರಡು ಹೆಬ್ಬೆರಳುಗಳೂ ನೆಟ್ಟಗಿದ್ದವು. ಆ ಹಲಗೆಯ ಕೆಳಗೆ ಹಾದುಹೋಗುವಾಗಲೆಲ್ಲ ಅವನು ಮೀಸೆ ತಿರುವುವ ನೆಪದಲ್ಲಿ ಬಲಗೈ ಹೆಬ್ಬೆರಳನ್ನು ಜನಕ್ಕೆ ಕಾಣುವಂತೆ ಎತ್ತುತ್ತಿದ್ದ. ಗರ್ವಿಷ್ಠ, ಮುಂಗೋಪಿ, ಕೆಲಸಗಾರರು ಅವನ ಕೆಮ್ಮಿಗೆ ಬೆಚ್ಚುತ್ತಿದ್ದರು. ಆದರೆ ಮರದ ವಿಷಯದಲ್ಲಿ ಅವನು ತಾಯಿಯಂತೆ ಮೆತ್ತಗಿನವನು. ಈ ಎರಡು ಸ್ವಭಾವಗಳೂ ಸೇರಿಯೇ ಅವನನ್ನು ತಿಂದುಹಾಕಿದವು.

ಬಿಲ್ಲಿಗೆ ತೊರೆನಾಡಿನವರು ಆರಿಸಿಕೊಂಡಿದ್ದುದು ತಪಸಿ ಮರ. ಅರಸನಿಗೆ ಗಂಡುಮಗು ಹುಟ್ಟಿದ ದಿನ ಹೆತ್ತ ರಾಣಿ ಅರಮನೆಯ ತೋಪಿಗೆ ಹೋಗಿ ಒಂದು ಎಳೆಯ ತಪಸಿಯನ್ನು ಮುಟ್ಟಬೇಕು. ಅದು ಆ ಕುಮಾರನ ಮರ. ಕುಮಾರ ಬಿಲ್ಲು ಹಿಡಿಯುವ ವಯಸ್ಸಿಗೆ ಬಂದಾಗ, ಮಾಘಮಾಸದಲ್ಲಿ, ಎಲೆಯೆಲ್ಲ ಉದುರಿ ಮರದೊಳಗಿನ ನೀರು ಇಳಿದು ನಿಂತ ಕಾಲದಲ್ಲಿ, ಅದನ್ನು ಕಡಿದು ಎರಡಾಗಿ ಸೀಳುತ್ತಿದ್ದರು. ಗರಗಸ ಮುಟ್ಟಿಸುವಂತಿಲ್ಲ, ಗರಗಸ ನಾರನ್ನು ಕತ್ತರಿಸುತ್ತದೆ, ಬೆಣೆ ನಾರಿನ ದಾರಿ ಹಿಡಿದು ಹೋಗುತ್ತದೆ. ತಪಸಿಯಾದರೋ ಸುಲಭಕ್ಕೆ ಸೀಳುವ ಮರವಲ್ಲ. ಅದರ ನಾರು ಒಂದರೊಳಗೊಂದು ಹೆಣೆದುಕೊಂಡಿರುತ್ತದೆ, ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಕಚ್ಚಿಕೊಳ್ಳುತ್ತದೆ. ಬಿಲ್ಲಿಗೆ ಬೇಕಾದದ್ದೂ ಆ ಹಟವೇ.

ಮೂಡಣ ದಿಕ್ಕಿಗಿದ್ದ ಸೀಳಿನಿಂದ ಕೊರಡು ತೆಗೆದು, ತುದಿಗಳ ಮೂಲಕ ಹಸಿ ಬೇಗ ಆರಿ ಬಿರುಕು ಬಿಡದಂತೆ ಎರಡು ತುದಿಗಳಿಗೂ ಅರಗು ಬಳಿದು, ಬಟ್ಟೆ ಸುತ್ತಿ, ಕುಮಾರ ಕೂಸಾಗಿದ್ದಾಗ ಮಲಗಿದ್ದ ತೊಟ್ಟಿಲಲ್ಲೇ ಇಟ್ಟು ಅಂತಃಪುರದ ತಂಪಿನಲ್ಲಿ ವರ್ಷಗಟ್ಟಲೆ ಒಣಗಿಸುವುದು ಪದ್ಧತಿ. ಪಡುವಣ ಸೀಳನ್ನು ಅಲ್ಲೇ ಬೆಂಕಿಗೆ ಕೊಡಬೇಕು. ಒಂದು ಮರಕ್ಕೆ ಎರಡು ಬಿಲ್ಲಿರಬಾರದು, ಒಂದು ನಾಡಿಗೆ ಇಬ್ಬರು ಅರಸರಿರಬಾರದು. ಪಡುವಣ ಸೀಳನ್ನು ಬಚ್ಚಿಟ್ಟುಕೊಂಡವನು ಸ್ವಾಮಿದ್ರೋಹಿ. ಅದೇ ಮರದ ಬಿಲ್ಲಿಗೆ, ಆ ಕುಮಾರನ ಕೈಯಿಂದಲೇ, ಅವನ ಪ್ರಾಣ ಸಲ್ಲಬೇಕು.

ಮುಂದೆ ಆ ಕೊರಡಿನಿಂದ ಮಾಡಿದ ಬಿಲ್ಲನ್ನು ಕುಮಾರ ತುಂಬಿದ ಸಭೆಯಲ್ಲಿ ಕಿವಿಯವರೆಗೆ ಸೆಳೆದರೆ ಅವನೇ ಅರಸ. ಬಿಲ್ಲು ಮುರಿದರೆ ಅವನನ್ನು ದೈವ ಒಲ್ಲೆನೆಂದ ಹಾಗೆ. ಯುದ್ಧದ ಬಿಲ್ಲು ಮುರಿದರೆ ತಪ್ಪು ಓಜನದು, ಪಟ್ಟದ ಬಿಲ್ಲು ಮುರಿದರೆ ತಪ್ಪು ಕುಮಾರನದು. ದೈವ ಒಲ್ಲದ ಕುಮಾರ ಮುಂದೆಂದೂ ಸಿಂಹಾಸನದ ಕಡೆ ನೋಡಬಾರದೆಂದು ಅಲ್ಲೇ, ಆ ಸಭೆಯಲ್ಲೇ, ಕಾದ ಸಲಾಕೆಯಿಂದ ಅವನ ಕಣ್ಣು ತೆಗೆಯುತ್ತಿದ್ದರು. ಸಲಾಕೆ ಕಾಯಿಸಲು ಬೆಳ್ಳಿಯ ಅಗ್ಗಿಷ್ಟಿಕೆಯಿತ್ತು. ರಾಜಮನೆತನದವರಲ್ಲವೇ, ಮರ್ಯಾದೆಗೆ ಕೊರತೆಯಾಗಬಾರದು.

ಕುಮಾರ ಉದಯಮಲ್ಲನ ಮರವನ್ನು ಸೀಳಿದವನು ಬೈಚೋಜನೇ. ಮರದ ತಿರುಳನ್ನು ಓಜನ ಹೊರತು ಯಾರೂ ನೋಡಬಾರದೆಂದು ಸುತ್ತ ತೆರೆ ಕಟ್ಟಿದ್ದರು. ಕೊನೆಯ ಬೆಣೆ ಇಳಿದು ಮರ ಎರಡಾಗಿ ಬಿದ್ದಾಗ ಅವನು ಉಸಿರಾಡುವುದನ್ನೇ ಮರೆತ. ಮೂಡಣ ಸೀಳು ಚೆನ್ನಾಗಿತ್ತು. ಪಡುವಣದ್ದು ಬೇರೆಯೇ ಮಾತು: ಬುಡದಿಂದ ತುದಿಯವರೆಗೆ ಗಂಟಿಲ್ಲ, ತಿರುಚಿಲ್ಲ. ಅಂಥ ಮರ ಓಜನ ಬಾಳಿನಲ್ಲಿ ಒಮ್ಮೆ ಸಿಕ್ಕರೆ ಪುಣ್ಯ. ಅದನ್ನು ಸುಡಬೇಕು! ಅವನ ಕೈ ಏಳಲಿಲ್ಲ. ಅಲ್ಲೇ ಬಿದ್ದಿದ್ದ ಬೇರೆ ತಪಸಿಯ ಒಂದು ಸೀಳಿಗೆ ಕೆಂಪು ಬಟ್ಟೆ ಸುತ್ತಿ ಹೊರಗೆ ತಂದು, ಅರಸ ಅರಸಿಯರ ಎದುರಿನಲ್ಲಿ ಬೆಂಕಿಗೆ ಹಾಕಿ, ಭಕ್ತಿಯಿಂದ ಕೈ ಮುಗಿದ. ಪಡುವಣ ಸೀಳು ಹುಲ್ಲಿನ ಬಂಡಿಯಲ್ಲಿ ಅವನ ಮನೆ ಸೇರಿ ಅಟ್ಟದ ತೊಲೆಗಳ ನಡುವೆ ಇನ್ನೊಂದು ತೊಲೆಯಾಗಿ ಕುಳಿತಿತು. ಅದರಿಂದ ಏನು ಮಾಡಬೇಕೆಂಬ ಯೋಚನೆಯೂ ಅವನಿಗಿರಲಿಲ್ಲ. ಆಗಾಗ ಏಣಿ ಹತ್ತಿ ಅದನ್ನು ಸವರಿ ಬರುತ್ತಿದ್ದ, ಅಷ್ಟೇ.

ವರ್ಷಗಳು ಕಳೆದವು. ಅದೇ ಕುಮಾರನಿಗೆ ಬಿಲ್ಲು ಹಿಡಿಯುವುದನ್ನು ಕಲಿಸಿದವನೂ ಬೈಚೋಜನೇ. ಬೇರೆ ಯಾರಿಗೂ ತೋರದ ತಾಳ್ಮೆಯನ್ನು ಆ ಹುಡುಗನಿಗೆ ತೋರಿದ. ಮಕ್ಕಳಿಲ್ಲದ ಮನುಷ್ಯ, ಕುಮಾರ "ಓಜಯ್ಯಾ" ಎಂದು ಕೂಗಿದರೆ ಕೈಯಲ್ಲಿದ್ದ ಉಳಿಯನ್ನು ಕೆಳಗಿಡುತ್ತಿದ್ದ. ಆಮೇಲೆ ಗಡಿಯ ಕಾಳಗದಲ್ಲಿ ಮಹಾರಾಜ ಜಯಮಲ್ಲ ಮಡಿದ ಸುದ್ದಿ ಬಂತು. ಪಟ್ಟದ ಬಿಲ್ಲು ಕಟ್ಟಬೇಕೆಂದು ಓಜನಿಗೆ ಕರೆ ಹೋಯಿತು.

ಕೊರಡನ್ನು ಒಪ್ಪಿಸಲು ಮಹಾದೇವಿ ಚಾಗಲದೇವಿ ತಾನೇ ಅಂತಃಪುರದ ಬಾಗಿಲಿಗೆ ಬಂದಳು. ಬೋಳು ಹಣೆ, ಅತ್ತು ಬತ್ತಿದ ಕಣ್ಣು. ಕೂಸನ್ನೆತ್ತಿದಂತೆ ಎರಡು ತೋಳಲ್ಲಿ ಕೊರಡನ್ನು ಹಿಡಿದಿದ್ದಳು.

"ತೆಗೆದುಕೊಳ್ಳಿ, ಓಜರೇ. ನನ್ನ ಮಗನನ್ನು ಸಾಕಿದ ಹಾಗೆಯೇ ಸಾಕಿದ್ದೇನೆ," ಎಂದಳು.

ಬೈಚೋಜ ಕೊರಡನ್ನು ಮೂಗಿನ ಬಳಿ ತಂದ. ಹಸಿ ತಪಸಿಗೆ ಒಂದು ಕೆಟ್ಟ ನಾತವಿರುತ್ತದೆ, ನಿಧಾನವಾಗಿ ಒಣಗಿದಂತೆ ತಾನೇ ಹೋಗುತ್ತದೆ. ಈ ಕೊರಡಿಗೆ ನಾತವಿರಲಿಲ್ಲ. ಘಮಘಮ ಸಾಂಬ್ರಾಣಿ ಬಡಿಯಿತು.

"ಇದೇನು ಪರಿಮಳ, ತಾಯಿ?"

ಮಹಾದೇವಿಯ ಮುಖದಲ್ಲಿ ಅಷ್ಟು ದಿನಗಳಲ್ಲಿ ಮೊದಲ ಬಾರಿ ನಗೆಯ ಎಳೆ ಕಾಣಿಸಿತು. "ತಂದ ಹೊಸತರಲ್ಲಿ ಎಷ್ಟು ನಾರುತ್ತಿತ್ತು ಗೊತ್ತೇ? ದಾಸಿಯರು ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಸೂಲಗಿತ್ತಿ ಕಾಳವ್ವೆ ಹೇಳಿದಳು, ಮಗುವಿಗೆ ನೀರೆರೆದ ಮೇಲೆ ಹೊಗೆ ಹಾಕುವುದಿಲ್ಲವೇ, ಇದೂ ನಿಮ್ಮ ಮಗುವೇ ತಾನೆ ಎಂದು. ಅಂದಿನಿಂದ ಸಂಜೆ ಸಂಜೆಗೆ ತೊಟ್ಟಿಲಡಿ ಕೆಂಡವಿಟ್ಟು ಸಾಂಬ್ರಾಣಿ ಹಾಕಿದ್ದೇನೆ. ಒಂದು ಸಂಜೆಯೂ ತಪ್ಪಿಸಿಲ್ಲ. ಮಹಾರಾಜರ ಸಾವಿನ ಸುದ್ದಿ ಬಂದ ದಿನವೂ ತಪ್ಪಿಸಿಲ್ಲ, ಓಜರೇ."

ಬೈಚೋಜ ಅದನ್ನು ಕಿವಿಯ ಹತ್ತಿರ ಹಿಡಿದ. ಬೆರಳ ಗೆಣ್ಣಿನಿಂದ ಕೊರಡನ್ನು ಬಡಿದು ನೋಡಿದ. ಒಡಕು ಮಡಕೆಯ ದನಿ. ತೊಗಟೆಯ ಮೇಲೆ ಒಂದು ಗೀರೂ ಇಲ್ಲ, ಒಳಗೆಲ್ಲ ಸುಕ್ಕು ಹಿಡಿದು ಬಿರಿದಿತ್ತು. ವರ್ಷಾನುವರ್ಷ ಕೆಂಡದ ಮೇಲೆ ಕಾಯಿಸಿದ ಮರ ಬಾಗುವುದಿಲ್ಲ, ಸಿಡಿಯುತ್ತದೆ.

"ಚೆನ್ನಾಗಿ ಸಾಕಿದ್ದೀರಿ, ತಾಯಿ," ಎಂದು ಅವನು ತಲೆ ಬಾಗಿಸಿದ. ಬೇರೇನು ಹೇಳಬಲ್ಲವನಾಗಿದ್ದ? ಪಟ್ಟದ ಕೊರಡನ್ನು ಕೆಡಿಸಿದವರು ಯಾರೇ ಆಗಲಿ, ಅರಸಿಯೇ ಆಗಲಿ, ತಲೆದಂಡ ತೆರಬೇಕು.

ಮರುದಿನ ಅವನ ಕಮ್ಮಟಕ್ಕೆ ಮಹಾಪ್ರಧಾನ ಈಚಮಯ್ಯನ ಪಲ್ಲಕ್ಕಿ ಬಂತು. ದಿವಂಗತ ಅರಸನ ತಮ್ಮನಿಗೆ ಮಗಳನ್ನು ಕೊಟ್ಟು, ಅಳಿಯ ತೀರಿಕೊಂಡ ಮೇಲೆ ಹಾಲುಗೂಸು ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ರಾಜ್ಯ ನಡೆಸುತ್ತಿದ್ದ ಧೀಮಂತ. ಉದಯಮಲ್ಲ ತಪ್ಪಿದರೆ ಪಟ್ಟ ಆ ಕೂಸಿಗೆ, ಎಂದರೆ ಈಚಮಯ್ಯನಿಗೆ. ಅವನು ಕೊರಡನ್ನು ದೂರದಿಂದಲೇ ನೋಡಿದ, ಮುಟ್ಟಲಿಲ್ಲ.

"ಬೈಚೋಜ, ನೀನು ಕೈಯಲ್ಲಿ ಕಲೆಯಿರುವವನು. ಈ ಕೊರಡು ಹೇಗಿದೆಯೋ ಹಾಗೆಯೇ ಬಿಲ್ಲಾಗಲಿ. ಹೆಚ್ಚು ಮಾಡಬೇಡ, ಕಡಿಮೆ ಮಾಡಬೇಡ."

"ಮುರಿದರೆ, ಸ್ವಾಮಿ?"

"ಮುರಿದರೆ ದೈವೇಚ್ಛೆ. ನಿನ್ನ ಉಗುರೂ ಕೊಂಕುವುದಿಲ್ಲ, ಕಟ್ಟಳೆ ಹಾಗೆಯೇ ಇದೆಯಲ್ಲ." ಈಚಮಯ್ಯ ಮೃದುವಾಗಿ ನಕ್ಕ. "ಕುಮಾರನ ಬಗ್ಗೆ ನಿನಗೆ ಮಮತೆ ಎಂದು ಕೇಳಿದ್ದೇನೆ. ಕಣ್ಣಿಲ್ಲದವರನ್ನೂ ನಾವು ಚೆನ್ನಾಗಿಯೇ ನೋಡಿಕೊಳ್ಳುತ್ತೇವೆ. ಇಬ್ಬರು ಊಳಿಗದವರು, ಎರಡು ಹೊತ್ತು ಊಟ, ಒಂದು ವೀಣೆ."

ಪಲ್ಲಕ್ಕಿ ಹೋದ ಮೇಲೆ ಬೈಚೋಜನಿಗೆ ಎಲ್ಲ ಬೆಳಕಾಯಿತು. ಕಾಳವ್ವೆಯ ಬಾಯಲ್ಲಿ ಆ ಮಾತಿಟ್ಟವರು ಯಾರೆಂದು ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ತಾಯಿಯ ಮಮತೆಯನ್ನೇ ಕೊಡಲಿಯ ಕಾವು ಮಾಡಿಕೊಂಡಿದ್ದ ಮಹಾನುಭಾವ! ಕತೆ ಹೇಳುವ ನನಗೆ ಈ ಈಚಮಯ್ಯನ ಮೇಲೆ ಇಂದಿಗೂ ಹಲ್ಲು ಕಡಿಯುವಷ್ಟು ಸಿಟ್ಟಿದೆ. ತಾಯಿಯ ಕೈಯಿಂದಲೇ ಮಗನ ಕಣ್ಣು ಕೀಳಿಸಲು ವರ್ಷಗಟ್ಟಲೆ ಕಾದು ಕುಳಿತವನನ್ನು ಬರಿಯ ದುಷ್ಟನೆಂದರೆ ಸಾಲದು.

ಬೈಚೋಜ ಮನೆಗೆ ಬಂದವನೇ ಅಟ್ಟಕ್ಕೆ ಏಣಿ ಹಾಕಿದ. ಅವನ ಹೆಂಡತಿ ಚಂದವ್ವೆ ಒನಕೆ ಕೆಳಗಿಟ್ಟು ಬಂದಳು. ಮನೆಯಲ್ಲಿ ಅವನಿಗೆ ಎದುರಾಡುವ ಧೈರ್ಯವಿದ್ದವಳು ಅವಳೊಬ್ಬಳೇ.

"ಅದನ್ನು ಇಳಿಸಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಇಳಿಸಬೇಡಿ."

"ಕೊರಡು ಕೆಟ್ಟಿದೆ, ಚಂದೀ. ಸೆಳೆದ ಕೂಡಲೇ ಮುರಿಯುತ್ತೆ."

"ಮುರೀಲಿ! ನಿಮ್ಮ ಮೈಗೆ ಏನೂ ಆಗಲ್ಲವಲ್ಲ. ಅರಮನೆಯವರ ಕಣ್ಣು ಅರಮನೆಯವರ ಪಾಡು. ನಮಗೇನು ಅವರು ಅಣ್ಣತಮ್ಮಂದಿರೇ?"

"ಆ ಕಣ್ಣಿಗೆ ಗುರಿ ಹಿಡಿಯುವುದನ್ನು ಕಲಿಸಿದವನು ನಾನು."

"ಹಾಗಾದರೆ ನನ್ನ ಕಣ್ಣಿಗೆ ಏನು ಕಲಿಸ್ತೀರಿ? ಗಂಡನ ಹೆಣ ನೋಡುವುದನ್ನೇ?" ಎಂದು ಅವಳು ಕೂಗಿದಳು. ಅವನು ಏಣಿ ಹತ್ತಿದ. ತುಸು ಹೊತ್ತು ಅಳುತ್ತ ನಿಂತಿದ್ದ ಚಂದವ್ವೆ, ಗಂಡ ಒಬ್ಬನೇ ಆ ಭಾರವನ್ನು ಇಳಿಸಲಾರನೆಂದು ಕಂಡಾಗ ತಾನೇ ಬಂದು ಇನ್ನೊಂದು ತುದಿಗೆ ಹೆಗಲು ಕೊಟ್ಟಳು.

ಅಟ್ಟದ ನೆರಳಿನಲ್ಲಿ ಅವಸರವಿಲ್ಲದೆ ಒಣಗಿದ್ದ ಪಡುವಣ ಸೀಳು ಬಡಿದರೆ ಕಂಚಿನಂತೆ ನುಡಿಯಿತು. ಕಮ್ಮಟದ ಬಾಗಿಲು ಹಾಕಿಕೊಂಡು ಬೈಚೋಜ ಒಬ್ಬನೇ ಕೆಲಸಕ್ಕೆ ಕುಳಿತ. ಮರದ ಬೆನ್ನಿನಲ್ಲಿ ಒಂದೇ ವರ್ಷದ ಬೆಳವಣಿಗೆಯ ಬಳೆಯನ್ನು ಹಿಡಿದು, ಅದನ್ನು ಎಲ್ಲಿಯೂ ಕಡಿಯದೆ, ಬಾಚಿಯಿಂದ ಕೆತ್ತಿದ. ಹೊಟ್ಟೆಯ ಕಡೆ ಉಳಿ ಬಿಟ್ಟು ಬರಿಯ ಗಾಜಿನ ಚೂರಿನಿಂದ ಕೀಸಿದ. ಸ್ವಲ್ಪ ಕೀಸುವುದು, ಬಾಗಿಸಿ ನೋಡುವುದು, ಬಿಲ್ಲಿನ ಎರಡು ತೋಳುಗಳಲ್ಲಿ ಯಾವುದು ಹಟ ಮಾಡುತ್ತಿದೆಯೋ ಅದನ್ನು ಇನ್ನಿಷ್ಟು ಸವರುವುದು. ಸಾಯುವ ಕೆಲಸವೆಂದು ಗೊತ್ತಿತ್ತು. ಆದರೂ ಅಷ್ಟು ಸುಖವಾಗಿ ಅವನು ಎಂದೂ ಕೆಲಸ ಮಾಡಿದವನಲ್ಲ. ಬುಡದ ಕಡೆ ಉಳಿದ ತುಂಡನ್ನು ಬಿಸಾಡದೆ ಎತ್ತಿಟ್ಟುಕೊಂಡ.

ಪಟ್ಟದ ದಿನ ಸಭೆ ಕಿಕ್ಕಿರಿದಿತ್ತು. ಮಂಡಲಿಕರು, ದಂಡನಾಯಕರು, ಮಠಾಧಿಪತಿಗಳು ತಮ್ಮ ತಮ್ಮ ಪೀಠಗಳಲ್ಲಿ. ತೆರೆಯ ಹಿಂದೆ ಮಹಾದೇವಿ. ಸಿಂಹಾಸನದ ಎಡಕ್ಕೆ ಬೆಳ್ಳಿಯ ಅಗ್ಗಿಷ್ಟಿಕೆ, ಅದರಲ್ಲಿ ಕೆಂಪಾಗುತ್ತಿದ್ದ ಸಲಾಕೆ. ಕುಮಾರ ಉದಯಮಲ್ಲ ಅದರ ಕಡೆ ಒಮ್ಮೆಯೂ ನೋಡದೆ ಬಂದು ನಿಂತ. ಇನ್ನೂ ಮೀಸೆ ಸರಿಯಾಗಿ ಮೂಡದ ಮುಖ ಬೂದಿಯಂತೆ ಬಿಳಿಚಿತ್ತು. ಬೈಚೋಜ ಮೊಣಕಾಲೂರಿ ಬಿಲ್ಲನ್ನು ಒಪ್ಪಿಸಿದ. ಕುಮಾರ ಹೆದೆಯೇರಿಸಿದ, ಉಸಿರು ಬಿಗಿಹಿಡಿದ, ಸೆಳೆದ.

ಬಿಲ್ಲು ಬಾಗಿತು. ಹುಣ್ಣಿಮೆಗೆ ಹತ್ತಿರದ ಚಂದ್ರನಷ್ಟು ದುಂಡಾಗಿ, ಒಂದು ಕಿರುಗುಟ್ಟುವಿಕೆಯೂ ಇಲ್ಲದೆ ಬಾಗಿತು. ಹೆದೆ ಕಿವಿ ಮುಟ್ಟಿತು. ಜಯಘೋಷ ಇನ್ನೇನು ಏಳಬೇಕು, ಅಷ್ಟರಲ್ಲಿ ಈಚಮಯ್ಯ ಪೀಠದಿಂದ ಎದ್ದು ನಿಂತಿದ್ದ.

"ಅಸಾಧ್ಯ! ಇದು ಆ ಕೊರಡಲ್ಲ! ಬೇರೆ ಮರದ ಬಿಲ್ಲಿನಿಂದ ಈ ಓಜ ಸಭೆಯನ್ನು ವಂಚಿಸಿದ್ದಾನೆ. ಈ ಪಟ್ಟ ಸಲ್ಲದು!"

ಸಭೆ ಗುಜುಗುಜುಗುಟ್ಟಿತು. ಸಲಾಕೆ ಹಿಡಿದವನು ಪ್ರಧಾನನ ಮುಖ ನೋಡಿದ. ಬೈಚೋಜ ತಾನು ತಂದಿದ್ದ ಬಟ್ಟೆಯ ಗಂಟನ್ನು ಬಿಚ್ಚಿ, ತೊಟ್ಟಿಲ ಕೊರಡನ್ನೂ ಬುಡದ ತುಂಡನ್ನೂ ಎಲ್ಲರ ಎದುರಿಗಿಟ್ಟ. ಎರಡನ್ನೂ ಸೇರಿಸಿದಾಗ ನಾರಿಗೆ ನಾರು, ಬಳೆಗೆ ಬಳೆ ಕೂಡಿಕೊಂಡು ಒಂದೇ ಮರವಾಯಿತು.

"ಮರ ಬೇರೆಯಲ್ಲ, ಸ್ವಾಮಿ. ಮಹಾದೇವಿಯರು ಮುಟ್ಟಿದ ಮರವೇ. ಸೀಳು ಮಾತ್ರ ಬೇರೆ. ಸುಡಬೇಕಾದ ಪಡುವಣ ಸೀಳನ್ನು ನಾನು ಕದ್ದಿಟ್ಟುಕೊಂಡಿದ್ದೆ. ಈ ಬಿಲ್ಲು ಅದರದು."

ಕುಮಾರ ಅವನ ಕಡೆ ತಿರುಗಿದ. "ಏಕೆ, ಓಜಯ್ಯಾ? ಮೂಡಣ ಕೊರಡಿಗೆ ಏನಾಗಿತ್ತು?"

"ಏನಾಗಿತ್ತೆಂದು ನಾನು ಹೇಳುತ್ತೇನೆ!" ಗೆಲುವು ಕೈಜಾರುತ್ತಿದ್ದುದನ್ನು ಕಂಡ ಈಚಮಯ್ಯ ಗಾಳಿಗೆ ಸಿಕ್ಕ ಬೆಂಕಿಯಂತಾದ. "ಅಂತಃಪುರದಲ್ಲಿ ಸಂಜೆ ಸಂಜೆಗೆ ತೊಟ್ಟಿಲಡಿ ಕೆಂಡವಿಟ್ಟು ಅದನ್ನು ಕೆಡಿಸಿದ್ದಾರೆ! ಪಟ್ಟದ ಕೊರಡನ್ನು ಕೆಡಿಸಿದವರಿಗೆ ತಲೆದಂಡ. ಯಾರೆಂದು ಸಭೆಯೇ ವಿಚಾರಿಸಲಿ!"

ತೆರೆ ಸರಿಯಿತು. ಮಹಾದೇವಿ ಎದ್ದು ನಿಂತಿದ್ದಳು. ಹೆತ್ತ ಮಗನ ಕಣ್ಣಿಗೆ ತಾನೇ ಇಟ್ಟ ಕೆಂಡ ಅವಳಿಗೆ ಆಗಷ್ಟೇ ಅರ್ಥವಾಗಿತ್ತು. ಆ ಮುಖವನ್ನು ನೋಡಲಾಗದೆ ಹತ್ತಿರದ ದಾಸಿಯರು ತಲೆ ತಗ್ಗಿಸಿದರು. "ನಾನೇ..." ಎಂದಳು.

"ಅರಗು ಕೆಟ್ಟಿತ್ತು!" ಬೈಚೋಜ ಸಭಾಮರ್ಯಾದೆ ಮೀರಿ ಗದರಿದ. "ತುದಿಗೆ ಅರಗು ಬಳಿದವನು ನಾನು. ಕಲಬೆರಕೆ ಅರಗು ಬಳಿದೆ, ಹಸಿ ಬೇಗ ಆರಿ ಮರ ಒಳಗೇ ಬಿರಿಯಿತು. ಕೆಂಡಕ್ಕೂ ಅದಕ್ಕೂ ಸಂಬಂಧವಿಲ್ಲ. ತಪ್ಪು ನನ್ನದು, ನನ್ನದೊಂದೇ." ಬಾಳಿನುದ್ದಕ್ಕೂ ಹೆಬ್ಬೆರಳೆತ್ತಿ ಮೆರೆದ ಓಜ ತುಂಬಿದ ಸಭೆಯಲ್ಲಿ ತನ್ನ ಕೈಗೆ ತಾನೇ ಮಸಿ ಬಳಿದುಕೊಂಡ. ಪ್ರಾಣ ಕೊಡುವುದಕ್ಕಿಂತ ಆ ಸುಳ್ಳು ಹೇಳುವುದು ಅವನಿಗೆ ಕಷ್ಟವಾಯಿತು.

ಉದಯಮಲ್ಲ ಮಾತ್ರ ಪ್ರಧಾನನನ್ನೇ ನೋಡುತ್ತಿದ್ದ. "ಮಹಾಪ್ರಧಾನರೇ, ಅಂತಃಪುರದ ಒಳಮನೆಗೆ ಮಗನಾದ ನಾನೇ ಹೇಳಿಕಳಿಸದೆ ಹೋಗುವುದಿಲ್ಲ. ತೊಟ್ಟಿಲಡಿಯ ಕೆಂಡ ನಿಮಗೆ ಹೇಗೆ ತಿಳಿಯಿತು?"

ಈಚಮಯ್ಯ ಒಂದು ಹೆಜ್ಜೆ ಹಿಂದೆ ಸರಿದ.

"ಹೇಳಿಕೊಟ್ಟವಳು ಕಾಳವ್ವೆ," ಎಂದಳು ಮಹಾದೇವಿ, ಸತ್ತ ದನಿಯಲ್ಲಿ. "ಅವಳನ್ನು ಅರಮನೆಗೆ ತಂದಿಟ್ಟವರು ಪ್ರಧಾನರು."

ಸೂಲಗಿತ್ತಿಯನ್ನು ಎಳೆದು ತಂದರು. ಸಲಾಕೆಯನ್ನು ನೋಡಿದ ಕೂಡಲೇ ಅವಳು ಎಲ್ಲವನ್ನೂ ಒದರಿಬಿಟ್ಟಳು. ಮಂಡಲಿಕರಲ್ಲಿ ಈಚಮಯ್ಯನ ಅನ್ನ ಉಂಡವರೆಲ್ಲ ಮೆಲ್ಲಗೆ ತಮ್ಮ ಪೀಠಗಳನ್ನು ಅವನಿಂದ ದೂರ ಸರಿಸಿಕೊಂಡರು.

"ಸಲಾಕೆ ಹೇಗೂ ಕಾದಿದೆ," ಎಂದ ಉದಯಮಲ್ಲ.

ಆ ದನಿ ಬೈಚೋಜನಿಗೆ ಗುರುತೇ ಸಿಗಲಿಲ್ಲ. ನೆಲಕ್ಕೆ ಬಿದ್ದ ಹಕ್ಕಿಮರಿಯನ್ನು ಗೂಡಿಗೆ ಸೇರಿಸಿ ಬರುತ್ತಿದ್ದ ಹುಡುಗ ಅವನು. ಈಚಮಯ್ಯನ ಕಣ್ಣಿಗೆ ಸಲಾಕೆ ಇಳಿಯಿತು, ಅರಚಾಟ ನಿಲ್ಲುವವರೆಗೂ ಉದಯಮಲ್ಲ ಮುಖ ತಿರುಗಿಸಲಿಲ್ಲ. ಅರಸನಾಗಲು ಯೋಗ್ಯನೆಂದು ಸಭಾಸದರು ತಲೆದೂಗಿದರು.

ಇಷ್ಟಕ್ಕೆ ಮುಗಿಯಬಹುದಿತ್ತು. ಆದರೆ ರಾಜಗುರು ಎದ್ದು ನಿಂತ. ಕೆಟ್ಟವನೇನಲ್ಲ, ಕಟ್ಟಳೆಯನ್ನು ಮಾತ್ರ ಬಲ್ಲವನು.

"ಪ್ರಭೂ, ಬಿಲ್ಲು ನಿಮ್ಮ ಮರದ್ದೇ, ಸಂದೇಹವಿಲ್ಲ. ಆದರೆ ದಂಡ ಸಲ್ಲುವವರೆಗೆ ಅದು ಕಳವಿನ ಮಾಲು. ಕಳವಿನ ಬಿಲ್ಲಿನಿಂದ ಪಟ್ಟವಾಗದು. ಓಜನನ್ನು ಕ್ಷಮಿಸಿದರೆ ನೀವು ಸೆಳೆದದ್ದು ಸೆಳೆದಂತಲ್ಲ. ದೈವ ಒಲ್ಲದ ಕುಮಾರನಿಗೆ ಏನು ವಿಧಿಯೋ ಅದು ನಿಮಗೂ..." ಎಂದು ಅಗ್ಗಿಷ್ಟಿಕೆಯ ಕಡೆ ನೋಡಿದ.

"ನನ್ನಿಂದಾಗದು," ಎಂದ ಉದಯಮಲ್ಲ. ಬಿಲ್ಲನ್ನು ನೆಲಕ್ಕಿಟ್ಟ. "ಅವನು ನನಗೆ ತಂದೆಯ ಸಮಾನ."

ಬೈಚೋಜ ಎದ್ದು ಬಂದು ಆ ಬಿಲ್ಲನ್ನೆತ್ತಿ, ಉತ್ತರೀಯದಿಂದ ದೂಳು ಒರೆಸಿ, ಮತ್ತೆ ಅವನ ಕೈಗಿಟ್ಟ.

"ನಿಮ್ಮ ಕಣ್ಣಿಗೋಸ್ಕರ ಇಷ್ಟು ಮಾಡಿದೆ, ಒಡೆಯಾ. ಅದನ್ನು ವ್ಯರ್ಥ ಮಾಡಿದರೆ ನಾನು ಬದುಕಿ ಏನು ಫಲ? ಎಡಮೊಣಕೈ ಬಿಗಿಯಾಗಿರಲಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ. ದಿನಾ ಹೇಳುತ್ತಿದ್ದುದೇ ತಾನೆ?"

ಅವನು ಹಿಂದೆ ಹಿಂದೆ ನಡೆದು ಸಭಾಮಂಟಪದ ಕೊನೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತ. ಕಟ್ಟಲು ಬಂದವರನ್ನು ಬೈದು ಅಟ್ಟಿದ. ಹೊರಗಿನ ಅಂಗಳದಲ್ಲಿ ಚಂದವ್ವೆ ನಿಂತಿರುವುದು ಗೊತ್ತಿದ್ದರೂ ಆ ಕಡೆ ನೋಡುವ ಧೈರ್ಯ ಅವನಿಗಾಗಲಿಲ್ಲ. ಬಿಲ್ಲನ್ನು ನೋಡಿದ. ಮೇಲಿನ ತೋಳು, ಕೆಳಗಿನ ತೋಳು ಒಂದಕ್ಕೊಂದು ಸರಿಸಮನಾಗಿ ಬಾಗುತ್ತಿದ್ದವು. ಎಲ್ಲಿಯೂ ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿರಲಿಲ್ಲ. ಆ ಮರವನ್ನು ಸುಡದೆ ಉಳಿಸಿದ್ದಕ್ಕೆ ಅವನಿಗೆ ಆಗಲೂ ಪಶ್ಚಾತ್ತಾಪವಾಗಲಿಲ್ಲ.

ಬಾಣದ ಮೊನೆ ಅಲುಗಾಡುತ್ತಿತ್ತು. ಅದರ ಹಿಂದೆ ಉದಯಮಲ್ಲನ ಎರಡು ಕಣ್ಣುಗಳೂ ತುಂಬಿ ಹರಿಯುತ್ತಿದ್ದವು.

"ಕಣ್ಣೊರೆಸಿಕೊಳ್ಳಿ, ಒಡೆಯಾ," ಎಂದು ಬೈಚೋಜ ಪಾಠ ಹೇಳುವ ದನಿಯಲ್ಲಿ ಗದರಿದ. "ಗುರಿ ತಪ್ಪುತ್ತದೆ."

ಅರಸ ಭುಜಕ್ಕೆ ಮುಖವೊತ್ತಿ ಕಣ್ಣೊರೆಸಿಕೊಂಡ. ಗುರಿ ತಪ್ಪಲಿಲ್ಲ.